ಭಾರದ ಟ್ರೇಲರ್‌ಗಾಗಿ ಟ್ರಕ್ ಅಪ್‌ಗ್ರೇಡ್ ಮಾಡಿಸಿದವರು ಅನುಭವ ಹೇಳಿ

ಹೊಸಟ್ರೇಲರ್: ನನ್ನ ಪಿಕಪ್ ಫೋರ್‌ವೀಲ್ ಡ್ರೈವ್, ಆಕ್ಸಲ್ ಗೇರ್ ರೇಷಿಯೋ 3.31 (ಚಕ್ರ ಒಂದು ಸುತ್ತು ಬರೋಕೆ ಡ್ರೈವ್ ಶಾಫ್ಟ್ 3.31 ಸುತ್ತು). ಈಗ ಎಳೀತಿರೋದು 2,500 ಕೆ.ಜಿ. ಹೊಸದು ಸಾಮಾನು ಸೇರಿ 3,800 ಆಗುತ್ತೆ. ಟ್ರೇಲರ್ ಸಿಕ್ಕಿಸೋ ಹಿಚ್ ಕ್ಲಾಸ್ 3 ದರ್ಜೆಯದು. ಹಿಂದಿನ ಸಸ್ಪೆನ್ಷನ್‌ಗೆ ಹಾಕೋ ಏರ್‌ಬ್ಯಾಗಾ, ಆಕ್ಸಲ್ ಗೇರಾ, ಯಾವುದರಿಂದ ಶುರು ಮಾಡಲಿ?

ಗೇರ್‌ಪುರಾಣ: ಗೇರ್. ಬೇರೆ ಮಾತೇ ಇಲ್ಲ. ನಾನೂ 3.31 ತೆಗೆಸಿ 4.10 ಹಾಕಿಸಿದೆ. ಫೋರ್‌ವೀಲ್ ಅಂದಮೇಲೆ ಮುಂದಿನದನ್ನೂ ಬದಲಿಸಲೇಬೇಕು: ಎರಡು ಸೆಟ್ ರಿಂಗ್-ಪಿನಿಯನ್ (ಆಕ್ಸಲ್‌ನ ಜೋಡಿ ಹಲ್ಲುಚಕ್ರ), ಎರಡು ಕಡೆ ಬೇರಿಂಗು, ಸೀಲು, ಶಿಮ್ಮು, ಕೂಲಿಯೂ ಡಬಲ್. ಮೊದಲನೇ ಮೆಕ್ಯಾನಿಕ್ ಮಹಾಶಯ ಬ್ಯಾಕ್‌ಲ್ಯಾಶ್, ಅಂದ್ರೆ ಹಲ್ಲುಗಳ ನಡುವಿನ ಸಂದು, ಅಳೀದೇ ಕೂರಿಸಿದ. ಹೈವೇಗೆ ಇಳಿಸಿದರೆ ಹಿಂದಿನ ಡಿಫರೆನ್ಷಿಯಲ್ (ಈ ಗೇರ್ ಕೂರೋ ಆಕ್ಸಲ್ ಡಬ್ಬಿ) ಊಳಿಡ್ತಿತ್ತು. ಬಿಚ್ಚಿ ನೋಡಿದ್ರೆ ಹಲ್ಲು ಒಂದೇ ಅಂಚಿನಲ್ಲಿ ಸವೆದಿದೆ! ಇನ್ನೊಬ್ಬನ ಹತ್ರ ಮತ್ತೆ ಹೊಸ ಸೆಟ್, ಮತ್ತೆ ಕೂಲಿ. ಕಂಪ್ಯೂಟರ್‌ಗೆ ಹೊಸ ರೇಷಿಯೋ ಕೊಡೋವರೆಗೆ 80ರಲ್ಲಿ ಹೋದ್ರೆ ಮೀಟರ್ 99 ಅಂತಿತ್ತು. ಟ್ರೇಲರ್ ಕಟ್ಟದೆ 800 ಕಿ.ಮೀ. ಓಡಿಸಿ ಆಯಿಲ್ ಬದಲಿಸು ಅಂದ, ಅದೊಂದು ಖರ್ಚು. ಆದ್ರೂ ಈಗ ಏರು ಹತ್ತೋ ಗತ್ತೇ ಬೇರೆ.

ಬಾಗಿಲಸ್ಟಿಕ್ಕರ್: ಹತ್ತುತ್ತೆ ಸ್ವಾಮಿ, ಇಳಿಯುವಾಗ? ಗೇರ್ ಬದಲಾದ್ರೆ ಬ್ರೇಕ್, ಫ್ರೇಮ್, ಟೈರ್ ಬದಲಾಗಲ್ಲ. ಕಂಪನಿ ಕೊಟ್ಟ ಒಟ್ಟು ತೂಕದ ಮಿತಿಯೂ ಅಷ್ಟೇ ಇರುತ್ತೆ. 3,800ರಲ್ಲಿ ಶೇ. 10ರಿಂದ 15 ಹಿಚ್ ಮೇಲೆ ಕೂರುತ್ತೆ, ಅಂದ್ರೆ 380ರಿಂದ 570 ಕೆ.ಜಿ. ಮನೆಮಂದಿ ಹತ್ತಿ ಕೂತ್ರೆ ಪೇಲೋಡ್ (ಗಾಡಿ ಹೊರಬಹುದಾದ ಭಾರ) ಖಲಾಸ್. ನಾನು ಲೆಕ್ಕ ಹಾಕಿ ಗಾಡಿನೇ ಮಾರಿ ದೊಡ್ಡದು ತಗೊಂಡೆ. ಹೊಟ್ಟೆ ಉರಿಯೋದು ಏನಂದ್ರೆ, ಹಾಕಿಸಿದ್ದ ಹಿಚ್, ಬ್ರೇಕ್ ಕಂಟ್ರೋಲರ್, ಕೂಲರ್ ಯಾವುದಕ್ಕೂ ಕೊಂಡವನು ಬಿಡಿಗಾಸು ಸೇರಿಸಲಿಲ್ಲ.

ಗಾಳಿಚೀಲ: ಎಲ್ಲರೂ ಗಾಡಿ ಮಾರೋಕಾಗುತ್ತಾ? ನಾನು ಏರ್‌ಬ್ಯಾಗ್ ಹಾಕಿಸಿದೆ. ಹಿಂಭಾಗ ಕುಸಿಯಲ್ಲ, ಹೆಡ್‌ಲೈಟ್ ಆಕಾಶ ನೋಡಲ್ಲ. ಒಂದು ಪೈಪು ಸೈಲೆನ್ಸರ್‌ಗೆ ತಾಗಿ ಕರಗಿತು, ಫಿಟಿಂಗ್ ಸೋರಿತು, ಕಂಪ್ರೆಸರ್ ಸುಟ್ಟಿತು. ಅದೆಲ್ಲ ಸರಿಮಾಡಿಸಿದ ಮೇಲೆ ನಿಶ್ಚಿಂತೆ.

ಬಾಗಿಲಸ್ಟಿಕ್ಕರ್: ಮಟ್ಟ ಸರಿಹೋಯ್ತು, ಭಾರ ಎಲ್ಲಿಗೆ ಹೋಯ್ತು? ಹಿಂದಿನ ಆಕ್ಸಲ್ ಮೇಲೇ ಇದೆ. ಮುಂದಿನ ಚಕ್ರಕ್ಕೆ ಸ್ವಲ್ಪ ಭಾರ ವಾಪಸ್ ಬರಬೇಕಾದ್ರೆ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕು. ನಿಮ್ಮದು ಬರೀ ಮೇಕಪ್ಪು.

ಗಾಳಿಚೀಲ: ಬಾಗಿಲ ಮೇಲಿನ ತೂಕದ ಸ್ಟಿಕ್ಕರ್ ಓದಿಕೊಂಡು ಗಾಡಿ ಓಡಿಸೋರ ಹತ್ರ ಏನು ಮಾತು.

ಹೊಸಟ್ರೇಲರ್: ಹಿಚ್ ಬಗ್ಗೆ ಯಾರಾದ್ರೂ?

ಕೆಂಪೆಣ್ಣೆ: ಕ್ಲಾಸ್ 3 ಸುಮಾರು 3,600ಕ್ಕೇ ಮುಗೀತು, ಸಾಲಲ್ಲ. ಅದಿರಲಿ, ಗೇರ್‌ಪುರಾಣ ಅವರೇ, ಇಷ್ಟು ಬರೆದ್ರಿ, ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಆಯಿಲ್ ಬಿಸಿ ನೋಡಿದ್ದೀರಾ? ನನ್ನದು ಏರಿನಲ್ಲಿ 120 ಡಿಗ್ರಿ ದಾಟಿತು, ಕೆಂಪು ಎಣ್ಣೆ ಡಿಕಾಕ್ಷನ್ ಥರ ಆಗಿ, ಕ್ಲಚ್ ಪ್ಲೇಟೆಲ್ಲ ಸುಟ್ಟು ಪೂರ್ತಿ ರೀಬಿಲ್ಡ್. ಜೊತೆಗೆ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನ ಗೇರ್‌ಬಾಕ್ಸ್‌ಗೆ ದಾಟಿಸೋ ಭಾಗ), ಕೆಟ್ಟ ಗಾಡಿ ಎಳೆಸಿದ ಖರ್ಚು...

ಗೇರ್‌ಪುರಾಣ: 4.10 ಇದ್ದಿದ್ರೆ ಅಷ್ಟು ಬಿಸಿನೇ ಆಗ್ತಿರಲಿಲ್ಲ.

ಕೆಂಪೆಣ್ಣೆ: ನನ್ನದು 4.10 ಕಣ್ರೀ!

ಗೇರ್‌ಪುರಾಣ: ಹಾಗಾದ್ರೆ ಸೆಟ್ಟಿಂಗ್ ತಪ್ಪಿರುತ್ತೆ. ಬ್ಯಾಕ್‌ಲ್ಯಾಶ್ ಎಷ್ಟು ಇಟ್ಟಿದ್ರು?

ಕೆಂಪೆಣ್ಣೆ: ಡಿಫರೆನ್ಷಿಯಲ್ ಬ್ಯಾಕ್‌ಲ್ಯಾಶ್‌ಗೂ ಟ್ರಾನ್ಸ್‌ಮಿಷನ್ ಬಿಸಿಗೂ ಏನ್ರೀ ಸಂಬಂಧ?