ಯೂಲ್, ಧನುರ್ಮಾಸ ಎರಡೂ ಒಂದೇ ಮನೆಯಲ್ಲಿ: ಮಾಡಿದವರು ಅನುಭವ ಹೇಳಿ

ಶಿವಮೊಗ್ಗದವಳು:
ನಾನಿರೋದು ಲಂಡನ್‌ನಲ್ಲಿ. ನಮ್ಮನೆಯವರು ವಿಕ್ಕಾ ಪಂಥದವರು, ಪ್ರಕೃತಿಯನ್ನ ಪೂಜಿಸೋ ಪಾಶ್ಚಾತ್ಯ ಪಂಥ ಅದು. ಅವರ ಯೂಲ್ ಹಬ್ಬಕ್ಕೆ ಡಿಸೆಂಬರ್ 21ರ ರಾತ್ರಿಯಿಡೀ, ಅಂದರೆ ವರ್ಷದ ಅತಿ ಉದ್ದದ ರಾತ್ರಿ, ದೀಪ ಆರದ ಹಾಗೆ ಕಾದು, ಬೆಳಿಗ್ಗೆ ಸೂರ್ಯನನ್ನ ಬರಮಾಡಿಕೊಳ್ತಾರೆ. ಈ ಸಲ ಅಮ್ಮ ಬರ್ತಿದ್ದಾರೆ. ಅವರ ಧನುರ್ಮಾಸದ ಪೂಜೆ, ಹುಗ್ಗಿ ನೈವೇದ್ಯ ಎಲ್ಲ ಅದೇ ಹೊತ್ತಿಗೆ. ಇರೋದು ಒಂದೇ ಕೋಣೆ. ಒಟ್ಟಿಗೆ ಮಾಡೋದಾ, ಬೇರೆ ಬೇರೆನಾ?

ಸೌದೆ ತಂದವ:
ಹನ್ನೊಂದು ವರ್ಷದಿಂದ ಹೆಂಡತಿ ಜೊತೆ ಯೂಲ್ ಮಾಡ್ತಿದ್ದೀನಿ. ಕೋಣೆ ಆಮೇಲೆ, ಮೊದಲು ಯೂಲ್ ರಾತ್ರಿ ಉರಿಸೋ ಕೊರಡಿನ ಕಥೆ ಕೇಳಿ. ಓಕ್ ಕೊರಡೇ ಬೇಕು ಅಂತ ಹಟ ಹಿಡಿದವನು ನಾನೇ, ಅವಳಲ್ಲ. 35 ಪೌಂಡ್ ಕೊಟ್ಟೆ. ಓಕ್ ಒಣಗೋಕೆ ಎರಡು ವರ್ಷವಾದರೂ ಬೇಕು, ನನಗೆ ಸಿಕ್ಕಿದ್ದು ಅದೇ ಬೇಸಿಗೆಯಲ್ಲಿ ಕಡಿದದ್ದು. ಹೊಗೆ ಎದ್ದ ಮೇಲೆ 18 ಪೌಂಡಿನ ತೇವದ ಮೀಟರ್ ತಂದು ಚುಚ್ಚಿದರೆ 34 ಪರ್ಸೆಂಟ್! 20ಕ್ಕಿಂತ ಕಡಿಮೆ ಇರಬೇಕಿತ್ತು. ಪರದೆ ಡ್ರೈಕ್ಲೀನಿಗೆ 62, ಚಿಮಣಿ ಗುಡಿಸಿದವನಿಗೆ 75. ಒಟ್ಟು 190 ಪೌಂಡ್. ನಮ್ಮದು ಹೊಗೆ ನಿಯಂತ್ರಣ ಪ್ರದೇಶ, ಮಾಮೂಲಿ ಒಲೆಯಲ್ಲಿ ಸೌದೆ ಉರಿಸೋ ಹಾಗೇ ಇಲ್ಲ. ಪಕ್ಕದವರು ದೂರು ಕೊಟ್ಟು ಎಚ್ಚರಿಕೆ ಪತ್ರವೂ ಬಂತು. ಈಗ ಬರ್ಚ್ ಮರದ ತುಂಡಿಗೆ ಮೂರು ತೂತು ಕೊರೆದು ಮೇಣದಬತ್ತಿ ನಿಲ್ಲಿಸ್ತೀವಿ. ಅವಳಿಗೂ ತೃಪ್ತಿ, ನನಗೂ ನಿದ್ದೆ.

ಮೈಸೂರಿನ ಸೊಸೆ:
ಬೇರೆ ಇಡಿ. ನಾನು ಒಂದೇ ಕಡೆ ಇಟ್ಟು ಅನುಭವಿಸಿದ್ದೀನಿ. ನಮ್ಮನೆಯವರ ಕೊಂಬಿನ ದೇವರ ವಿಗ್ರಹವನ್ನ ನಾನೇ ಪ್ರೀತಿಯಿಂದ ಲಕ್ಷ್ಮಿ ಪಕ್ಕ ಕೂರಿಸಿದ್ದೆ. ಅಮ್ಮ ಸ್ನಾನ ಮಾಡಿ ಬಂದು ನೋಡಿದವರೇ, "ಚಾಮುಂಡಿ ಕೊಂದವನನ್ನ ತಂದು ದೇವರ ಮನೇಲಿ ಕೂರಿಸಿದ್ದೀಯಲ್ಲೇ" ಅಂದರು. ಇವನು ಮಹಿಷ ಅಲ್ಲಮ್ಮ, ಇವರ ನಂಬಿಕೆಯಲ್ಲಿ ದೇವಿ ಆ ರಾತ್ರಿ ಸೂರ್ಯನನ್ನ ಹೆರುತ್ತಾಳೆ, ಆ ಮಗುವೇ ಇವನು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಹತ್ತೊಂಬತ್ತು ದಿನ ಅಡುಗೆ ಬೇರೆ, ತಟ್ಟೆ ಬೇರೆ. ಕೊನೆಗೆ ಟಿಕೆಟ್ ಬದಲಾಯಿಸಿ ಸಂಕ್ರಾಂತಿಗೆ ಮೊದಲೇ ಊರಿಗೆ ಹೋದರು, 41 ಸಾವಿರ ರೂಪಾಯಿ. ನಾನು ಹುರಿದಿಟ್ಟ ಎಳ್ಳು ಡಬ್ಬಿಯಲ್ಲೇ ಉಳೀತು.

ಧಾರವಾಡದ ಕಾಕಾ:
ತಂಗಿ, ನಿಮ್ಮ ತಾಯಿಯವರು ಮಾಡಿದ್ದs ಸರಿ. ವಿಕ್ಕಾ ಅಂಬೋದನ್ನ ಜೆರಾಲ್ಡ್ ಗಾರ್ಡ್ನರ್ ಅಂಬಾವ ಮಂದಿ ಮುಂದ ತಂದದ್ದು 1950ರ ದಶಕದಾಗ, ಅದೂ 1951ಕ್ಕ ಇಂಗ್ಲೆಂಡಿನ್ಯಾಗ ಮಾಟದ ವಿರುದ್ಧದ ಕಾಯ್ದೆ ರದ್ದಾದ ಮ್ಯಾಲೆ. ನಮ್ಮ ಉತ್ತರಾಯಣ ಸಂಕ್ರಾಂತಿಗೆ. ಎರಡಕ್ಕೂ ಗಂಟು ಹಾಕಬ್ಯಾಡ್ರಿ. ನನ್ನ ಮಗ ಅಮೆರಿಕಾದಾಗ ಇದ್ದಾನ, ಸೊಸಿ ಯೂನಿಟೇರಿಯನ್ ಚರ್ಚಿಗೆ ಹೋಗಾಕಿ. ಅಲ್ಲೆ ಯೂಲ್, ಯಹೂದ್ಯರ ಹನುಕ್ಕಾ, ಕ್ರಿಸ್ಮಸ್ ಎಲ್ಲಾ ಒಂದs ಸಾಲಿನ್ಯಾಗ. 21ರ ಬೆಳಗಿನ್ಯಾಗ ದೀಪಾ ಹಚ್ಚಾಕ ಕರದ್ರು. ನಾ ಖೋಲಿ ಬಾಗಲಾ ಹಾಕ್ಕೊಂಡು ಸಂಧ್ಯಾವಂದನಿ ಮಾಡ್ಕೋತ ಕೂತೆ. ಮೊಮ್ಮಗಳು ಬಂದು ಅಜ್ಜಾ ಅಜ್ಜಾ ಅಂತ ಬಾಗಲಾ ಬಡದ್ಲು. ತಗೀಲಿಲ್ಲ. ತಗೀಬೇಕಿತ್ತು.

ಮೆಲ್ಬರ್ನ್ ಕನ್ನಡಿಗ:
ಕಾಕಾ, ಸಂಕ್ರಾಂತಿಯೂ ಒಂದು ಕಾಲಕ್ಕೆ ಇದೇ ದಿನವೇ ಇತ್ತು. ಭೂಮಿಯ ಅಕ್ಷ ನಿಧಾನವಾಗಿ ತಿರುಗೋ ಅಯನಚಲನೆಯಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಸರೀತಾ ಬಂದು 1700 ವರ್ಷದಲ್ಲಿ 24 ದಿನ ಆಗಿದೆ. ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರಿನಲ್ಲೇ. ನಮ್ಮಲ್ಲಂತೂ ಡಿಸೆಂಬರ್ 21 ವರ್ಷದ ಅತಿ ಉದ್ದದ ಹಗಲು. ಅದಕ್ಕೆ ಇಲ್ಲಿನ ವಿಕ್ಕಾದವರು ಯೂಲನ್ನ ಜೂನ್‌ನಲ್ಲಿ ಮಾಡ್ತಾರೆ. ಜನವರಿಯ 42 ಡಿಗ್ರಿ ಬಿಸಿಲಲ್ಲಿ ಎರಡು ವರ್ಷ ಎಳ್ಳು ಬೀರಿದೆ, ಬೆಲ್ಲ ಬೆವೆತು ಎಲ್ಲ ಮುದ್ದೆಯಾಯ್ತು. ಕೊಬ್ಬರಿಗೇ 28 ಡಾಲರ್ ಹೋಗಿತ್ತು. ಈಗ ಎಳ್ಳುಬೆಲ್ಲವೂ ಜೂನ್‌ನಲ್ಲೇ, ಯೂಲ್ ಜೊತೆ. ಚಳಿಗೆ ಎಳ್ಳು ತಿನ್ನೋದು ಅಂತ ನಮ್ಮಜ್ಜಿಯೇ ಹೇಳ್ತಿದ್ದರು.

ಧಾರವಾಡದ ಕಾಕಾ:
ಜೂನ್‌ದಾಗ ಸಂಕ್ರಾಂತಿ! ನಾಳೆ ದೀಪಾವಳಿಗೆ ಯುಗಾದಿ ಮಾಡ್ರಿ. ಪಂಚಾಂಗ ಮನಿ ಥರ್ಮಾಮೀಟರ್ ನೋಡಿ ಬರದದ್ದಲ್ಲ.

ಮೆಲ್ಬರ್ನ್ ಕನ್ನಡಿಗ:
ಮೊಮ್ಮಗಳಿಗೆ ಬಾಗಿಲು ತೆಗೆಯದವರಿಂದ ಹಬ್ಬದ ಪಾಠ ಬೇಡ.

ಮೈಸೂರಿನ ಸೊಸೆ:
ಅಷ್ಟು ದೊಡ್ಡವರ ಹತ್ತಿರ ಆಡೋ ಮಾತಾ ಇದು? ಆ ಮನುಷ್ಯ ತನ್ನ ನೋವು ಹೇಳ್ಕೊಂಡಿದ್ದಾರೆ. ಮತ್ತೆ, ಜೂನ್‌ನಲ್ಲಿ ಹಸಿ ಅವರೆಕಾಯಿ, ಕಬ್ಬು ಎಲ್ಲಿಂದ ತರ್ತೀರ? ಅದಿಲ್ಲದ ಸಂಕ್ರಾಂತಿ ಎಂಥದು?

ಮೆಲ್ಬರ್ನ್ ಕನ್ನಡಿಗ:
ಫ್ರೀಜರ್ ಅವರೆಕಾಳು ವರ್ಷಪೂರ್ತಿ ಸಿಗುತ್ತೆ. ಕಬ್ಬು ನಾವು ಜನವರಿಯಲ್ಲೂ ಕಂಡಿದ್ದು ಒಂದೇ ಸಲ.

ಧಾರವಾಡದ ಕಾಕಾ:
ಅವರಿಗೆ ಏನೂ ಅನಬ್ಯಾಡ್ರಿ ತಂಗಿ. ಮೊಮ್ಮಗಳಿಗೆ ಆಗ ಆರು ವರ್ಷ. ಈಗ ಫೋನಿನ್ಯಾಗೂ ಮಾತು ಕಡಿಮಿ.

ಶಿವಮೊಗ್ಗದವಳು:
ಕೋಣೆ ವಿಷಯ ಇನ್ನೂ ಉಳೀತು. ಇಲ್ಲಿ ಆ ದಿನ ಸೂರ್ಯೋದಯ 8 ಗಂಟೆ 4 ನಿಮಿಷಕ್ಕೆ. ಅಮ್ಮ ಆರಕ್ಕೇ ಹುಗ್ಗಿ ಇಳಿಸಿರ್ತಾರೆ. ಇವರದ್ದು ಮುಗಿಯೋದು ಎಂಟಕ್ಕೆ. ಆ ಎರಡು ಗಂಟೆ ಇಬ್ಬರೂ ಎದುರುಬದುರು ಕೂತಿರ್ತಾರೆ, ನನಗೆ ಅದೇ ದಿಗಿಲು. ಸೌದೆಯವರೇ, ಬರ್ಚ್ ತುಂಡಿನ ತೂತು ಎಷ್ಟು ಆಳ?

ಸೌದೆ ತಂದವ:
ಎರಡು ಸೆಂಟಿಮೀಟರ್. ಬತ್ತಿ ಸುತ್ತ ತಗಡಿನ ಬಟ್ಟಲು ಕೂರಿಸಿ, ಮರ ಹೊತ್ತಿಕೊಳ್ಳೋ ಭಯ ಕಡಿಮೆ. ಅಡಿಗೆ ತಟ್ಟೆ ಇಡಿ. ಅಲಂಕಾರಕ್ಕೆ ಮಿಸಲ್‌ಟೋ (ಬದನಿಕೆ ಜಾತಿಯ ಗಿಡ) ತಂದರೆ ಅದರ ಬಿಳಿ ಹಣ್ಣು ವಿಷ, ಅಮ್ಮನ ಹೂವಿನ ಬುಟ್ಟಿಗೆ ಬೀಳದ ಹಾಗೆ ಮೇಲೆ ಕಟ್ಟಿ.