ಕಪ್ಪೆ ಸ್ನಾಯು ಸ್ಪಿಂಡಲ್: ಎಳೆಯದೆಯೂ ಇಂಪಲ್ಸ್, ಕೊನೆಗೆ ಎಳೆದರೂ ಇಲ್ಲ

ಪ್ರಶ್ನೆ: ಕಪ್ಪೆಯ ಹಿಂಗಾಲಿನ ನಾಲ್ಕನೇ ಬೆರಳಿನ ಎಕ್ಸ್‌ಟೆನ್ಸರ್ (ಬೆರಳು ಚಾಚುವ) ಸ್ನಾಯು ರಿಂಗರ್ ದ್ರಾವಣದಲ್ಲಿದೆ (ಅಂಗಾಂಶವನ್ನು ಜೀವಂತ ಇಡುವ ಲವಣ ನೀರು), ನರ ಪ್ಯಾರಾಫಿನ್ ಎಣ್ಣೆಯೊಳಗೆ ಬೆಳ್ಳಿ ಎಲೆಕ್ಟ್ರೋಡ್ ಮೇಲಿದೆ. ಮೊದಲು ಎಳೆದಾಗ ಮಾತ್ರ ಇಂಪಲ್ಸ್ (ನರದಲ್ಲಿ ಸಾಗುವ ವಿದ್ಯುತ್ ಸಂಕೇತ) ಬರುತ್ತಿತ್ತು. ಅರ್ಧ ಗಂಟೆಯಲ್ಲಿ, ಸಡಿಲ ಬಿಟ್ಟರೂ ಬರತೊಡಗಿತು. ಈಗ ಎಷ್ಟು ಎಳೆದರೂ ಏನೂ ಇಲ್ಲ. ಗ್ರಾಹಕ, ಅಂದರೆ ಸ್ನಾಯುವಿನೊಳಗೆ ಎಳೆತವನ್ನು ಗ್ರಹಿಸುವ ಸ್ಪಿಂಡಲ್, ಸತ್ತಿತೇ?

ಉತ್ತರ 1: ಸತ್ತಿತು ಅನ್ನುವ ಮೊದಲು ದ್ರಾವಣ ಬದಲಿಸಿ ನೋಡಿ. ಮೊದಲು ಹೆಚ್ಚಿ ಆಮೇಲೆ ನಿಂತಿದ್ದರೆ ಪೊಟ್ಯಾಸಿಯಂ ಮೇಲೇ ಮೊದಲ ಅನುಮಾನ. ಬಿಡಿಸುವಾಗ ಕತ್ತರಿ ತಗುಲಿದ ಸ್ನಾಯುತಂತುಗಳಿಂದ ಅದು ಸೋರುತ್ತದೆ. ಸ್ವಲ್ಪ ಏರಿದರೆ ನರತುದಿಯ ಪೊರೆಯ ವಿಭವ (ಒಳಹೊರಗಿನ ವಿದ್ಯುತ್ ವ್ಯತ್ಯಾಸ) ಇಂಪಲ್ಸ್ ಹುಟ್ಟುವ ಹೊಸ್ತಿಲ ಹತ್ತಿರ ಬರುತ್ತದೆ, ಹಾಗಾಗಿ ಎಳೆತವೇ ಬೇಡ. ಇನ್ನೂ ಏರಿದರೆ ಸೋಡಿಯಂ ಚಾನೆಲ್‌ಗಳು ನಿಷ್ಕ್ರಿಯವಾಗಿ ಇಂಪಲ್ಸ್ ಹುಟ್ಟುವುದೇ ಇಲ್ಲ. ತೊಳೆದಾಗ ಮರಳಿ ಬಂದರೆ ಕಾರಣ ಇದೇ.

ರಿಂಗರ್ ದ್ರಾವಣದ ಅಳತೆ: ಲೀಟರಿಗೆ ಸೋಡಿಯಂ ಕ್ಲೋರೈಡ್ 6.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.14, ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ 0.12, ಸೋಡಿಯಂ ಬೈಕಾರ್ಬನೇಟ್ 0.2. ಪೊಟ್ಯಾಸಿಯಂ ತೂಗುವಾಗ ದಶಾಂಶ ಬಿಂದು ಒಂದು ಸ್ಥಾನ ಜರುಗಿದರೂ ಪ್ರಯೋಗ ಕೈಬಿಟ್ಟ ಹಾಗೆಯೇ.

ಉತ್ತರ 2: ಕ್ಯಾಲ್ಸಿಯಂ ಕೂಡ ನೋಡಿ. ಅದನ್ನು ಕೊನೆಗೆ, ನೀರು ಲೀಟರಿನ ಹತ್ತಿರ ಬಂದ ಮೇಲೆ ಹಾಕಬೇಕು. ಗಟ್ಟಿ ಬೈಕಾರ್ಬನೇಟ್ ಜೊತೆ ಸೇರಿದರೆ ದ್ರಾವಣ ಮಸುಕಾಗಿ ಕಾರ್ಬನೇಟ್ ಆಗಿ ತಳ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದ ನರ ತಾನಾಗಿಯೇ ಸಿಡಿಯುತ್ತದೆ.

ಎಣ್ಣೆಯಿಂದ ಹೊರಗೆ ಇಣುಕಿದ ನರ ಒಣಗಿದರೂ ಹೀಗೇ, ಆದರೆ ಆ ಇಂಪಲ್ಸ್‌ಗಳು ಎಳೆತಕ್ಕೆ ಓಗೊಡುವುದಿಲ್ಲ. ಖಚಿತವಾಗಬೇಕಾದರೆ, ಎಲ್ಲ ಮುಗಿದ ಮೇಲೆ ನರವನ್ನು ಸ್ನಾಯುವಿನ ಪಕ್ಕದಲ್ಲೇ ಹಿಸುಕಿ. ಆಮೇಲೂ ಬರುತ್ತಿದ್ದರೆ ಅವು ಸ್ಪಿಂಡಲ್‌ನವಲ್ಲ.

ಉತ್ತರ 3: ಇಂಪಲ್ಸ್ ಇಲ್ಲ ಎಂದ ಮಾತ್ರಕ್ಕೆ ಗ್ರಾಹಕ ಸುಮ್ಮನಿದೆ ಎಂದಲ್ಲ. 1950ರಲ್ಲಿ ಬರ್ನಾರ್ಡ್ ಕಾಟ್ಜ್ ಕಪ್ಪೆ ಸ್ಪಿಂಡಲ್‌ನಲ್ಲಿ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧದಿಂದ ಇಂಪಲ್ಸ್ ಅಡಗಿಸಿದಾಗಲೂ ಎಳೆತಕ್ಕೆ ಗ್ರಾಹಕ ವಿಭವ (ನರತುದಿಯಲ್ಲಿ ಏಳುವ ನಿಧಾನ ವಿದ್ಯುತ್ ಅಲೆ) ಉಳಿದಿತ್ತು: ಎಳೆಯುವ ಹೊತ್ತಿನಲ್ಲಿ ಎತ್ತರದ ಶಿಖರ, ಹಿಡಿದಿಟ್ಟಾಗ ತಗ್ಗಿದ ಮಟ್ಟ. ವೇಗ ಹೆಚ್ಚಿದಷ್ಟೂ ಶಿಖರ ಏರುತ್ತದೆ.

ಅದನ್ನು ಕಾಣಬೇಕಾದರೆ ಎಲೆಕ್ಟ್ರೋಡ್ ಸ್ನಾಯುವಿಗೆ ಆದಷ್ಟು ಅಂಟಿಕೊಂಡಿರಬೇಕು. ಈ ವಿಭವ ನರದಗುಂಟ ಬೇಗ ಸೊರಗುತ್ತದೆ. ಬರಿ ಬೆಳ್ಳಿ ಬೇಡ, ಕ್ಲೋರೈಡ್ ಲೇಪಿಸಿ; ಇಲ್ಲದಿದ್ದರೆ ಬೇಸ್‌ಲೈನ್ ಜಾರುತ್ತದೆ. ಆಂಪ್ಲಿಫೈಯರ್ ಡಿಸಿಯಲ್ಲಿರಲಿ, ಅಂದರೆ ನಿಧಾನ ಬದಲಾವಣೆಯನ್ನೂ ಹಾಯಿಸಲಿ. ಇಂಪಲ್ಸ್‌ಗೆಂದು ಇಟ್ಟ 300 ಹರ್ಟ್ಸ್ ಹೈಪಾಸ್ ಫಿಲ್ಟರ್ ಈ ನಿಧಾನ ಅಲೆಯನ್ನು ಪೂರ್ತಿ ನುಂಗಿಬಿಡುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಅಲೆ ಕಂಡರೆ ನರತುದಿ ಇನ್ನೂ ಸ್ಪಂದಿಸುತ್ತಿದೆ, ತಡೆ ಇರುವುದು ಇಂಪಲ್ಸ್ ಹುಟ್ಟುವ ಜಾಗದಲ್ಲಿ.