ಅಪ್‌ಡೇಟ್: ಯಾರ್ಕ್‌ನ ನಡುವಿನ ಬಾಲ ಕೂತಿತು

ಹೋದ ವಾರ ಕೇಳಿದ್ದೆನಲ್ಲ, ಆವ್ರೊ ಯಾರ್ಕ್ ವಿಮಾನದ 1/144 ಅಳತೆಯ ಡೈಕಾಸ್ಟ್ (ಅಚ್ಚಿನಲ್ಲಿ ಹೊಯ್ದ ಲೋಹದ) ಮಾದರಿಯ ಬಾಲದಲ್ಲಿ ನೆಟ್ಟಗೆ ನಿಲ್ಲುವ ನಡುವಿನ ರೆಕ್ಕೆ ಕಿತ್ತು ಬಂದಿದೆ, ಹೇಗೆ ಅಂಟಿಸಲಿ ಅಂತ. ಈಗ ಸರಿಹೋಯಿತು.

ಸೂಪರ್ ಗ್ಲೂ ಕೈಕೊಟ್ಟಿತು. ಅಂಟಲೂ ಇಲ್ಲ, ಸುತ್ತ ಬಿಳಿ ಮಂಜು ಬೇರೆ. ಕೆಲಸ ಮಾಡಿದ್ದು ಎರಡು ಟ್ಯೂಬಿನದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಂಟು. ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್! ಹಳೇ ಅಂಟು ಕೆರೆದು, ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಹಚ್ಚಿ, ಮಾಸ್ಕಿಂಗ್ ಟೇಪ್ ಸುತ್ತಿ ರಾತ್ರಿಯಿಡೀ ಬಿಟ್ಟೆ.

ನೇರ ಕೂರಿಸಲು ಹಳೇ ಫೋಟೊ ಹುಡುಕುವಾಗ ಒಂದು ಮಜಾ ಸಿಕ್ಕಿತು. ಯಾರ್ಕ್‌ನ ರೆಕ್ಕೆ, ಬಾಲ ಎಲ್ಲ ಲ್ಯಾಂಕಾಸ್ಟರ್ ಬಾಂಬರ್‌ನವು. 1942ರಲ್ಲಿ ಮೊದಲು ಹಾರಿದಾಗ ಅದಕ್ಕೂ ಲ್ಯಾಂಕಾಸ್ಟರ್‌ನಂತೆ ಬಾಲದಲ್ಲಿ ನೆಟ್ಟಗಿನ ರೆಕ್ಕೆ ಎರಡೇ. ಒಡಲು ದಪ್ಪವಾಗಿದ್ದರಿಂದ ಮೂರನೆಯದನ್ನು ಆಮೇಲೆ ಸೇರಿಸಿದರಂತೆ. ನನ್ನದು ಕಿತ್ತು ಬಂದದ್ದೂ ಅದೇ, ನೋಡಿ!